ಕೋಳಿಮನೆಯಲ್ಲಿ ಬೆಳಕಿನ ಪಾಠ: ಜೂಲಿಯಾ ಮಾರ್ಗರೆಟ್ ಕ್ಯಾಮರೂನ್

1863ರ ಡಿಸೆಂಬರ್ ತಿಂಗಳು. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹೊಂದಿಕೊಂಡಿರುವ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಹಳ್ಳಿಯ ಮನೆಯೊಂದಕ್ಕೆ ಮರದ ದೊಡ್ಡ ಕ್ಯಾಮರಾ ಒಂದು ಉಡುಗೊರೆಯಾಗಿ ಬಂದಿತು. ಕೊಟ್ಟವರು ಮಗಳು ಮತ್ತು ಅಳಿಯ. ಪತಿ ದೂರದ ಸಿಂಹಳದಲ್ಲಿದ್ದ ಕಾಫಿ ತೋಟಗಳನ್ನು ನೋಡಿಕೊಳ್ಳಲು ಹೋಗಿದ್ದರು. ಮಕ್ಕಳು ಬೆಳೆದು ಚದುರಿದ್ದರು. ಒಂಟಿಯಾಗಿ ಕುಳಿತ ತಾಯಿಗೆ ಹೊತ್ತು ಹೋಗಲಿ ಎಂಬುದಷ್ಟೇ ಮಗಳ ಉದ್ದೇಶ. ಉಡುಗೊರೆ ಪಡೆದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರಿಗೆ ಆಗ 48 ವರ್ಷ. ಕ್ಯಾಮರಾವನ್ನು ಎಲ್ಲಿ ನಿಲ್ಲಿಸಬೇಕು, ಕೂತವರ ಮೇಲೆ ಬೆಳಕನ್ನು ಹೇಗೆ ಬೀಳಿಸಬೇಕು, ಮಸೂರವನ್ನು ಹೇಗೆ ಹೊಂದಿಸಬೇಕು ಎಂಬುದೊಂದೂ ಅವರಿಗೆ ತಿಳಿದಿರಲಿಲ್ಲ. ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ತೆಗೆದ ಮುಖಗಳನ್ನು ಭಾವಚಿತ್ರ ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಗಳು ಇಂದಿಗೂ ಮುಂದಿಟ್ಟುಕೊಂಡು ನೋಡುತ್ತಾರೆ. (ಕ್ಯಾಮರಾಕ್ಕೂ ಕ್ಯಾಮರೂನ್ ಎಂಬ ಹೆಸರಿಗೂ ಸಂಬಂಧವಿಲ್ಲ, ಅದು ಪತಿಯ ಮನೆತನದ ಹೆಸರು.)

ಜೂಲಿಯಾ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1815ರ ಜೂನ್ 11ರಂದು ಕಲ್ಕತ್ತೆಯಲ್ಲಿ. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ, ತಾಯಿ ಫ್ರೆಂಚ್ ಮೂಲದವರು. ಪ್ಯಾಟಲ್ ಸೋದರಿಯರು ಚೆಲುವಿಗೆ ಹೆಸರಾದವರು; ಅವರ ನಡುವೆ ಜೂಲಿಯಾ ಮಾತ್ರ ರೂಪವತಿಯೆಂದು ಎಣಿಸಲ್ಪಟ್ಟವರಲ್ಲ, ಜಾಣೆಯೆಂದು ಕರೆಸಿಕೊಂಡವರು. ಬಾಲ್ಯದ ಬಹುಭಾಗ ಫ್ರಾನ್ಸಿನಲ್ಲಿ ಅಜ್ಜಿಯ ಮನೆಯಲ್ಲಿ ಕಳೆಯಿತು. ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೂ ಈ ಸೋದರಿಯರು ತಮ್ಮತಮ್ಮೊಳಗೆ ಹಿಂದೂಸ್ಥಾನಿಯಲ್ಲಿ ಮಾತನಾಡಿಕೊಳ್ಳುತ್ತಿದ್ದರಂತೆ.

1836ರಲ್ಲಿ, ಆರೋಗ್ಯ ಸುಧಾರಣೆಗೆಂದು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದಾಗ ಇಬ್ಬರ ಪರಿಚಯವಾಯಿತು. ಒಬ್ಬರು ಚಾರ್ಲ್ಸ್ ಹೇ ಕ್ಯಾಮರೂನ್. ವಯಸ್ಸಿನಲ್ಲಿ ಇಪ್ಪತ್ತು ವರ್ಷ ಹಿರಿಯರು, ನ್ಯಾಯಶಾಸ್ತ್ರಜ್ಞರು. ಮೆಕಾಲೆಯೊಡನೆ ಭಾರತದ ಮೊದಲ ಕಾನೂನು ಆಯೋಗದಲ್ಲಿದ್ದವರು. ಅಂದು ಕರಡಾಗಿ ಸಿದ್ಧವಾದ ಭಾರತೀಯ ದಂಡ ಸಂಹಿತೆ 1860ರಲ್ಲಿ ಕಾಯಿದೆಯಾಗಿ, 2024ರ ಜೂನ್ ಕೊನೆಯವರೆಗೂ ನಮ್ಮ ನ್ಯಾಯಾಲಯಗಳಲ್ಲಿ ಬಳಕೆಯಲ್ಲಿತ್ತು ಎಂಬುದನ್ನು ಓದುಗರು ಬಲ್ಲರು. 1838ರಲ್ಲಿ ಕಲ್ಕತ್ತೆಯಲ್ಲಿ ಇವರಿಬ್ಬರ ವಿವಾಹವಾಯಿತು.

ಕೇಪ್‌ನಲ್ಲಿ ಸಿಕ್ಕ ಇನ್ನೊಬ್ಬರು ದಕ್ಷಿಣದ ಆಕಾಶವನ್ನು ಅಭ್ಯಸಿಸಲು ಅಲ್ಲಿಗೆ ಬಂದಿದ್ದ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್. ಛಾಯಾಗ್ರಹಣದ ಚರಿತ್ರೆಯಲ್ಲಿ ಹರ್ಷೆಲ್ ಅವರ ಸ್ಥಾನ ಬಹು ದೊಡ್ಡದು. ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರವನ್ನು ಸ್ಥಿರಗೊಳಿಸುವ, ಇಂದಿಗೂ ಕತ್ತಲೆ ಕೋಣೆಯವರು ಹೈಪೋ ಎಂದು ಕರೆಯುವ ರಾಸಾಯನಿಕದ ಗುಣವನ್ನು ಕಂಡುಹಿಡಿದವರು ಅವರೇ. ನೆಗೆಟಿವ್, ಪಾಸಿಟಿವ್ ಎಂಬ ಮಾತುಗಳನ್ನು ಈ ವಿದ್ಯೆಗೆ ಒದಗಿಸಿದವರೂ ಅವರೇ. 1840ರ ದಶಕದ ಆರಂಭದಲ್ಲಿ ಹರ್ಷೆಲ್ ಕಲ್ಕತ್ತೆಗೆ ಕಳುಹಿಸಿದ ಕೆಲವು ಮಾದರಿ ಚಿತ್ರಗಳೇ ಜೂಲಿಯಾ ಕಂಡ ಮೊದಲ ಛಾಯಾಚಿತ್ರಗಳು. ಅಂದರೆ ಹೊಸ ವಿದ್ಯೆ ಹುಟ್ಟಿದ ಎರಡು ಮೂರು ವರ್ಷಗಳಲ್ಲಿಯೇ ಅದರ ಸುದ್ದಿ ಅವರನ್ನು ತಲುಪಿತ್ತು. ಕಲಿಯುವ ಕಾಲ ಬಂದದ್ದು ಮಾತ್ರ ಇಪ್ಪತ್ತು ವರ್ಷಗಳ ಅನಂತರ.

1848ರಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿತು. 1860ರಲ್ಲಿ ಫ್ರೆಶ್‌ವಾಟರ್‌ನಲ್ಲಿ, ಕವಿ ಟೆನಿಸನ್ ಅವರ ನೆರೆಯಲ್ಲಿ ಮನೆ ಕೊಂಡು ಸಿಂಹಳದ ತೋಟದ ನೆನಪಿಗೆ ಅದಕ್ಕೆ ಡಿಂಬೋಲಾ ಎಂದು ಹೆಸರಿಟ್ಟರು. ಸ್ವಂತ ಮಕ್ಕಳು ಆರು ಮಂದಿ. ಅವರ ಜೊತೆಗೆ ಬಂಧುಗಳ ಅನಾಥ ಮಕ್ಕಳು ಹಲವರು. ಲಂಡನ್ನಿನ ಹತ್ತಿರ ತಾಯಿಯೊಡನೆ ಭಿಕ್ಷೆ ಬೇಡುತ್ತಿದ್ದ ಮೇರಿ ರಯಾನ್ ಎಂಬ ಐರಿಷ್ ಬಾಲಕಿಯೂ ಆ ಮನೆ ಸೇರಿದಳು.

ಇನ್ನು ಕಲಿಕೆಯ ವಿಷಯ. ಕಲ್ಲಿದ್ದಲು ಇಡುತ್ತಿದ್ದ ಕೋಣೆ ಕತ್ತಲೆ ಕೋಣೆಯಾಯಿತು. ಮಕ್ಕಳಿಗೆಂದು ಕಟ್ಟಿಸಿದ್ದ, ಗಾಜು ಹೊದಿಸಿದ ಕೋಳಿಮನೆ ಸ್ಟುಡಿಯೋ ಆಯಿತು. ಕೋಳಿಗಳಿಗೆ ಬಿಡುಗಡೆಯಾಯಿತು, ಮನೆಯವರಿಗೆ ತಾಜಾ ಮೊಟ್ಟೆ ತಪ್ಪಿತು. ಅಂದಿನ ಛಾಯಾಗ್ರಹಣವೆಂದರೆ ಇಂದಿನಂತೆ ಗುಂಡಿ ಒತ್ತುವ ಕೆಲಸವಲ್ಲ. ಅದು ಕೊಲೋಡಿಯನ್ ಎಂಬ ದ್ರಾವಣದ ಕಾಲ. ರಾಸಾಯನಿಕವಾಗಿ ಸಂಸ್ಕರಿಸಿದ ಹತ್ತಿಯನ್ನು ಈಥರ್ ಮತ್ತು ಮದ್ಯಸಾರದಲ್ಲಿ ಕರಗಿಸಿ, ಅಯೋಡೈಡ್ ಲವಣ ಸೇರಿಸಿ, ಆ ಅಂಟು ದ್ರವವನ್ನು ಚೊಕ್ಕಟವಾಗಿ ಒರೆಸಿದ ಗಾಜಿನ ಫಲಕದ ಮೇಲೆ ಸುರಿಯಬೇಕು. ದೋಸೆಯ ಹಿಟ್ಟು ಹೆಂಚಿನ ಮೇಲೆ ಹರಡುವಂತೆ, ಆದರೆ ಸೌಟು ಮುಟ್ಟಿಸದೆ, ಫಲಕವನ್ನು ನಾಲ್ಕೂ ಮೂಲೆಗೆ ಓಲಾಡಿಸಿ ಒಂದೇ ಸಮನಾದ ಪೊರೆ ಬರಿಸಬೇಕು. ಅನಂತರ ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಹಸಿ ಆರುವ ಮುನ್ನವೇ ಕ್ಯಾಮರಾಕ್ಕೆ ಸೇರಿಸಿ, ಚಿತ್ರ ತೆಗೆದು, ಮತ್ತೆ ಕತ್ತಲೆ ಕೋಣೆಗೆ ಓಡಿ ಚಿತ್ರ ಮೂಡಿಸುವ ದ್ರಾವಣ ಸುರಿಯಬೇಕು. ಇದಕ್ಕೆಲ್ಲ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಮೇಲೆ ಸ್ಥಿರೀಕರಣ, ಬಾವಿಯ ನೀರಿನಲ್ಲಿ ತೊಳೆಯುವಿಕೆ, ಬೆಂಕಿಯ ಮುಂದೆ ಕಾಯಿಸಿ ವಾರ್ನಿಷ್ ಹಚ್ಚುವುದು. ಸಿಲ್ವರ್ ನೈಟ್ರೇಟ್ ತಾಗಿದ ಕೈಬೆರಳು, ಬಟ್ಟೆ, ಮೇಜುವಸ್ತ್ರಗಳೆಲ್ಲ ಕಪ್ಪಾಗುತ್ತಿದ್ದವು. ಚಿತ್ರವನ್ನು ಸ್ಥಿರಗೊಳಿಸಲು ಜೂಲಿಯಾ ಬಳಸುತ್ತಿದ್ದದ್ದು ಪೊಟ್ಯಾಸಿಯಂ ಸಯನೈಡ್, ಕಡು ವಿಷ. ಅದು ಬರಿಗೈ ಮೇಲೆ ಹರಿಯುತ್ತದೆಂಬುದನ್ನು ತಿಳಿದ ಹರ್ಷೆಲ್ ಗಾಬರಿಯಾಗಿ ಎಚ್ಚರಿಸಿ ಪತ್ರ ಬರೆದಿದ್ದರು.

ಮೊದಲ ಚಿತ್ರ ಕೈಗೂಡಲಿಲ್ಲ. ಊರಿನ ರೈತನೊಬ್ಬನನ್ನು ಗಂಟೆಗೆ ಅರ್ಧ ಕ್ರೌನ್ ಕೂಲಿ ಕೊಟ್ಟು ಕೂರಿಸಿ ಚಿತ್ರ ತೆಗೆದರು. ಚಿತ್ರ ಮೂಡಿತು, ಆದರೆ ಫಲಕದ ಹಸಿ ಪೊರೆಯ ಬದಿಯ ಮೇಲೆ ತಾವೇ ಕೈಯಾಡಿಸಿ ಅಳಿಸಿಹಾಕಿದರು! ಹೊಸಬರ ಕೈ ಎಂದರೆ ಹಾಗೆಯೇ. ಇನ್ನೊಮ್ಮೆ ಇಬ್ಬರು ಮಕ್ಕಳನ್ನು ಕೂರಿಸಿ, ನಿಶ್ಚಲವಾಗಿರುವ ಹೊತ್ತು ಮುಗಿಯುತ್ತ ಬಂದಾಗ ಒಂದು ಮಗು ಕಿಸಕ್ಕನೆ ನಕ್ಕುಬಿಟ್ಟಿತು. ಫಲಕ ಹಾಳಾಯಿತು. ನಗುವ ಮಗುವನ್ನು ಕಳುಹಿಸಿ, ಉಳಿದ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು, ಅಲುಗಾಡಿದರೆ ಎಷ್ಟು ರಾಸಾಯನಿಕ ವ್ಯರ್ಥವಾಗುವುದೆಂದು ತಿಳಿಹೇಳಿ ಮತ್ತೆ ಪ್ರಯತ್ನಿಸಿದರು. ಅವಳು ಆನ್ನಿ ಫಿಲ್ಪಾಟ್. ಅಂದು 1864ರ ಜನವರಿ 29, ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ. ಚಿತ್ರ ಸರಿಯಾಗಿ ಬಂದಿತು. ಜೂಲಿಯಾ ಸಂತೋಷದಿಂದ ಮನೆಯೆಲ್ಲ ಓಡಾಡಿ ಆ ಮಗುವಿಗೆ ಕೊಡಲು ಉಡುಗೊರೆ ಹುಡುಕಿದರಂತೆ. ಅದೇ ದಿನ ಮುದ್ರಿಸಿ, ಬಣ್ಣ ಕಟ್ಟಿ, ಚೌಕಟ್ಟು ಹಾಕಿ ಹುಡುಗಿಯ ತಂದೆಗೆ ತಲುಪಿಸಿಯೂ ಬಿಟ್ಟರು. ಇದೇ ತಮ್ಮ ಮೊದಲ ಯಶಸ್ಸು ಎಂದು ಚಿತ್ರದ ಕೆಳಗೆ ಬರೆದಿಟ್ಟರು. ಕ್ಯಾಮರಾ ಮನೆಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ.

ಆನ್ನಿಯ ಚಿತ್ರವನ್ನು ಗಮನವಿಟ್ಟು ನೋಡಿದರೆ ಮುಂದಿನದೆಲ್ಲ ಅಲ್ಲಿಯೇ ಮೊಳಕೆಯೊಡೆದಿದೆ. ಗುಂಡಿ ಹಾಕಿದ ಸಾಧಾರಣ ಕೋಟು, ಬಾಚಿಯೂ ಬಾಚದಂತಿರುವ ಕೂದಲು, ಕ್ಯಾಮರಾವನ್ನು ನೋಡದೆ ಪಕ್ಕಕ್ಕೆ ಹೊರಳಿದ ಮುಖ. ಬೆಳಕು ಒಂದು ಬದಿಯಿಂದ ಬಂದು ಹಣೆ, ಮೂಗು, ಕೆನ್ನೆಯನ್ನು ತೊಳೆದು, ಇನ್ನೊಂದು ಬದಿಯನ್ನು ನೆರಳಿಗೆ ಬಿಟ್ಟಿದೆ.

ಇದು ಎಂಥ ಹೊಸತು ಎಂಬುದು ತಿಳಿಯಬೇಕಾದರೆ ಅಂದಿನ ವೃತ್ತಿ ಸ್ಟುಡಿಯೋಗಳ ರೀತಿಯನ್ನು ನೆನೆಯಬೇಕು. ಆಗ ಅಂಗೈಯೊಳಗೆ ಹಿಡಿಯುವ ಸಣ್ಣ ಚಿತ್ರಗಳ ಹುಚ್ಚು ಇಂಗ್ಲೆಂಡನ್ನೆಲ್ಲ ಹಿಡಿದಿತ್ತು. ಗಿರಾಕಿ ತಲೆಯಿಂದ ಕಾಲಿನವರೆಗೆ ಕಾಣಬೇಕು; ಪಕ್ಕದಲ್ಲಿ ರಟ್ಟಿನ ಕಂಬ, ಹಿಂದೆ ಬಣ್ಣದ ಪರದೆ; ಕತ್ತು ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆ. ಗಾಜಿನ ಮಾಡಿನಿಂದ ಎಲ್ಲೆಡೆ ಸಮನಾಗಿ ಸುರಿಯುವ ಬೆಳಕು. ನಮ್ಮೂರುಗಳ ಸ್ಟುಡಿಯೋಗಳಲ್ಲಿ ಎರಡೂ ಬದಿಗೆ ದೀಪ ಹೊತ್ತಿಸಿ, ಗಲ್ಲ ಎತ್ತಿಸಿ ತೆಗೆಯುವ ಪಾಸ್‌ಪೋರ್ಟ್ ಚಿತ್ರದಲ್ಲಿ ಆ ಪದ್ಧತಿಯ ಗುಣ ಇನ್ನೂ ಉಳಿದಿದೆ. ಮುಖದ ಗುರುತು ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ.

ಜೂಲಿಯಾ ಇದಕ್ಕೆ ವಿರುದ್ಧ ದಾರಿ ಹಿಡಿದರು. ಗಾಜಿನ ಮನೆಗೆ ಪರದೆಗಳನ್ನು ಕಟ್ಟಿ ಬೇಡದ ಬೆಳಕನ್ನೆಲ್ಲ ಮುಚ್ಚಿದರು. ಮೇಲಿನಿಂದಲೋ ಪಕ್ಕದಿಂದಲೋ ಒಂದೇ ಕಿಂಡಿ ಬಿಟ್ಟು, ಕೂತವರ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟರು. ಕುತ್ತಿಗೆಯ ಸುತ್ತ ಗಾಢ ಬಣ್ಣದ ವಸ್ತ್ರ ಹೊದಿಸಿ ಅಂಗಿ, ಕಾಲರ್, ಗುಂಡಿಗಳನ್ನು ಮರೆಮಾಡಿದರು. ಉಳಿಯುತ್ತಿದ್ದದ್ದು ಮುಖವೊಂದೇ. ಆದರೆ ಬೆಳಕಿನ ವ್ಯವಹಾರದಲ್ಲಿ ಎಲ್ಲಕ್ಕೂ ಬೆಲೆ ತೆರಬೇಕು. ಕಿಂಡಿ ಕಿರಿದಾದಷ್ಟೂ ಫಲಕಕ್ಕೆ ಬೇಕಾಗುವ ಹೊತ್ತು ಹಿಗ್ಗುತ್ತದೆ. ವೃತ್ತಿಯವರು ಕೆಲವು ಸೆಕೆಂಡುಗಳಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಇವರ ಮುಂದೆ ಕೂತವರು ಮೂರರಿಂದ ಏಳು ನಿಮಿಷದವರೆಗೂ ಕಲ್ಲಿನಂತೆ ಕೂರಬೇಕಾಗುತ್ತಿತ್ತು. ಅಷ್ಟು ಹೊತ್ತು ಉಸಿರಾಡದೆ ಇರಲು ಯಾರಿಂದ ಸಾಧ್ಯ? ಸ್ವಲ್ಪ ಅಲುಗಾಟ ಚಿತ್ರದಲ್ಲಿ ಉಳಿದೇ ಉಳಿಯುತ್ತಿತ್ತು. ಹುಸಿನಗೆಯನ್ನು ಅಷ್ಟು ಹೊತ್ತು ಹಿಡಿದಿಡಲಾಗದು; ಆದ್ದರಿಂದ ಇವರ ಚಿತ್ರಗಳಲ್ಲಿ ಯಾರೂ ನಗುವುದಿಲ್ಲ. ಕೂತು ಕೂತು ಮುಖವಾಡ ಕಳಚಿದ ಮೇಲೆ ಉಳಿಯುವ ಮುಖ ಅಲ್ಲಿದೆ.

ಮಸೂರದ ವಿಷಯವೂ ಹೀಗೆಯೇ. ಉಡುಗೊರೆಯ ಕ್ಯಾಮರಾಕ್ಕಿದ್ದದ್ದು ಜಾಮಿನ್ ಎಂಬ ಫ್ರೆಂಚ್ ತಯಾರಕರ ಮಸೂರ. ಅದನ್ನು ಪೂರ್ತಿ ತೆರೆದು, ಹತ್ತಿರದಿಂದ, 11x9 ಅಂಗುಲದ ಫಲಕದ ಮೇಲೆ ಬಳಸಿದಾಗ ಮುಖದ ಒಂದು ಪದರ ಮಾತ್ರ ಸ್ಫುಟವಾಗಿ, ಅದರ ಹಿಂದುಮುಂದಿನದು ಮೃದುವಾಗಿ ಕರಗುತ್ತಿತ್ತು. ಸರಿಯಾದ ಫೋಕಸ್ ಬರುವವರೆಗೆ ತಿರುಪನ್ನು ತಿರುಗಿಸುವುದು ರೂಢಿ. ಜೂಲಿಯಾ ತಿರುಗಿಸುತ್ತ ಹೋಗಿ, ಕಣ್ಣಿಗೆ ಸುಂದರವೆನಿಸಿದ ಕಡೆ ನಿಲ್ಲಿಸಿಬಿಡುತ್ತಿದ್ದರು. ಮೊದಮೊದಲು ಇದು ಆಕಸ್ಮಿಕವೇ ಆಗಿತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆಕಸ್ಮಿಕವಾಗಿ ಬಂದದ್ದನ್ನು ಗುರುತಿಸಿ, ಮತ್ತೆ ಬೇಕೆಂದೇ ತರಲು ಕಲಿತದ್ದು ಅವರ ಹಿರಿಮೆ ಎಂದು ನನಗನ್ನಿಸುತ್ತದೆ.

ಅವರಿಗೆ ಗುರುಗಳೇ ಇರಲಿಲ್ಲವೆಂದಲ್ಲ. ಡೇವಿಡ್ ವಿಲ್ಕಿ ವಿನ್‌ಫೀಲ್ಡ್ ಎಂಬ ಚಿತ್ರಕಾರರು ಗೆಳೆಯರಿಗೆ ಹಳೆಯ ಕಾಲದ ಉಡುಪು ತೊಡಿಸಿ ಮೃದುವಾದ ಮುಖಚಿತ್ರಗಳನ್ನು ತೆಗೆಯುತ್ತಿದ್ದರು. ಅವರಿಂದ ಒಂದು ಪಾಠ ಹೇಳಿಸಿಕೊಂಡದ್ದನ್ನು ಜೂಲಿಯಾ ಕೊನೆಯವರೆಗೂ ಕೃತಜ್ಞತೆಯಿಂದ ನೆನೆದರು. ತಂಗಿ ಸಾರಾ ಪ್ರಿನ್ಸೆಪ್ ಅವರ ಲಂಡನ್ ಮನೆಯಲ್ಲಿ ನೆಲೆಸಿದ್ದ ಖ್ಯಾತ ಚಿತ್ರಕಾರ ಜಿ.ಎಫ್. ವಾಟ್ಸ್ ಅವರಿಗೆ ಚಿತ್ರಗಳ ಪ್ರತಿಗಳು ಹೋಗುತ್ತಿದ್ದವು. ಅವರು ತಪ್ಪುಒಪ್ಪುಗಳನ್ನು ನಿಷ್ಠುರವಾಗಿ ಬರೆದು ತಿಳಿಸುತ್ತಿದ್ದರು. ಆದರೆ ದಿನನಿತ್ಯದ ಪಾಠವೆಲ್ಲ ಮನೆಯವರ ಮೇಲೆ, ನೆರೆಹೊರೆಯವರ ಮೇಲೆ, ದಾರಿಹೋಕರ ಮೇಲೆ ನಡೆಯಿತು. ಮನೆಗೆಲಸದ ಮೇರಿ ಹಿಲಿಯರ್ ಎಷ್ಟೋ ಬಾರಿ ಕನ್ಯೆ ಮೇರಿಯಾಗಿ ಕೂತಳು. ಊರಿನ ಮಕ್ಕಳಿಗೆ ರೆಕ್ಕೆ ಕಟ್ಟಿ ದೇವದೂತರನ್ನಾಗಿಸಿದರು. ಈ ಬಗೆಯ ಕಥಾಚಿತ್ರಗಳಲ್ಲಿ ಹಲವು ಇಂದು ನಾಟಕದ ವೇಷದಂತೆ ಕಾಣುತ್ತವೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಮುಖಚಿತ್ರಗಳ ಮಾತು ಬೇರೆ.

ಭಿಕ್ಷೆ ಬೇಡುತ್ತಿದ್ದ ಮೇರಿ ರಯಾನ್‌ಳ ಕಥೆ ಇಲ್ಲಿ ಹೇಳಲೇಬೇಕು. ಲಂಡನ್ನಿನ ಕಾಲ್ನಾಗಿ ಚಿತ್ರಶಾಲೆಯಲ್ಲಿ ಜೂಲಿಯಾ ಅವರ ಚಿತ್ರಗಳ ಪ್ರದರ್ಶನ ನೋಡಲು ಬಂದ ತರುಣನೊಬ್ಬ ಆಕೆಯ ಭಾವಚಿತ್ರಕ್ಕೂ ಅಲ್ಲಿಯೇ ಇದ್ದ ಆಕೆಗೂ ಮನಸೋತ. 1867ರಲ್ಲಿ ಅವರ ಮದುವೆಯಾಯಿತು. ಆತ ಐ.ಸಿ.ಎಸ್. ಅಧಿಕಾರಿಯಾಗಿ ಭಾರತಕ್ಕೆ ಬಂದ ಹೆನ್ರಿ ಕಾಟನ್. ಭಾರತೀಯರ ಆಶೋತ್ತರಗಳ ಪರವಾಗಿ ನಿಂತು, 1904ರ ಮುಂಬಯಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಸರ್ ಹೆನ್ರಿ ಕಾಟನ್ ಅವರೇ ಇವರು.

ವೃತ್ತಿ ಛಾಯಾಗ್ರಾಹಕರು ಮಾತ್ರ ಜೂಲಿಯಾ ಅವರನ್ನು ಮೆಚ್ಚಲಿಲ್ಲ. 1864ರಲ್ಲಿಯೇ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಗೆ ಸೇರಿ ಪ್ರದರ್ಶನಗಳಿಗೆ ಚಿತ್ರ ಕಳುಹಿಸತೊಡಗಿದರು. ಫಲಕದ ಮೇಲೆ ಬೆರಳಚ್ಚು ಇದೆ, ಗೀರು ಇದೆ, ಧೂಳಿನ ಚುಕ್ಕೆ ಇದೆ, ಫೋಕಸ್ ಇಲ್ಲ, ಇದು ಕಲಿಯದ ಕೈ ಎಂದು ಪತ್ರಿಕೆಗಳು ಆಡಿಕೊಂಡವು. ಈ ಟೀಕೆಯಲ್ಲಿ ಸತ್ಯಾಂಶವೂ ಇತ್ತು. ಚೊಕ್ಕಟತನದಲ್ಲಿ ಅವರು ಎಂದೂ ಮುಂದಿರಲಿಲ್ಲ. ಆದರೆ ಮುಖ ಚೆನ್ನಾಗಿ ಬಂದಿದ್ದರೆ ಗೀರು ಬಿದ್ದ ಫಲಕವನ್ನು ಅವರು ಎಸೆಯುತ್ತಿರಲಿಲ್ಲ. ಕಲಾವಿದರ ವಲಯ ಕೈಹಿಡಿಯಿತು. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಹೆಸರಾಗಿರುವ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ನಿರ್ದೇಶಕ ಹೆನ್ರಿ ಕೋಲ್ 1865ರಲ್ಲಿ ಅವರ ಚಿತ್ರಗಳನ್ನು ಕೊಂಡು ಪ್ರದರ್ಶಿಸಿದರು. 1868ರಲ್ಲಿ ಭಾವಚಿತ್ರ ತೆಗೆಯಲೆಂದು ಸಂಗ್ರಹಾಲಯದಲ್ಲಿಯೇ ಎರಡು ಕೋಣೆ ಬಿಟ್ಟುಕೊಟ್ಟರು.

1866ರಲ್ಲಿ ಜೂಲಿಯಾ 15x12 ಅಂಗುಲದ ಫಲಕ ಹಿಡಿಯುವ ದೊಡ್ಡ ಕ್ಯಾಮರಾಕ್ಕೆ ಬದಲಾದರು. ಅಂದು ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಪದ್ಧತಿ ರೂಢಿಯಾಗಿರಲಿಲ್ಲ. ಮೊಟ್ಟೆಯ ಬಿಳಿಭಾಗ ಸವರಿದ ಕಾಗದವನ್ನು ಫಲಕಕ್ಕೆ ಒತ್ತಿ ಬಿಸಿಲಿನಲ್ಲಿ ಇಡುತ್ತಿದ್ದರು. ಫಲಕ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹೊಸ ಫಲಕದ ಮೇಲೆ ಮನುಷ್ಯನ ತಲೆ ಹೆಚ್ಚುಕಡಿಮೆ ನಿಜವಾದ ಗಾತ್ರದಲ್ಲಿ ಮೂಡತೊಡಗಿತು. ಅವರ ಶ್ರೇಷ್ಠ ಚಿತ್ರಗಳಲ್ಲಿ ಹಲವು 1867ರಲ್ಲಿ ಬಂದವು.

ಆ ವರ್ಷ ಅವರು ತಮ್ಮ ಸಲಕರಣೆಗಳನ್ನೆಲ್ಲ ಹೊತ್ತು ಕೆಂಟ್ ಪ್ರಾಂತದ ಹರ್ಷೆಲ್ ಅವರ ಮನೆಗೆ ಹೋದರು. ಛಾಯಾಗ್ರಹಣವನ್ನು ಮೊದಲು ತೋರಿಸಿಕೊಟ್ಟ ಹಿರಿಯರಿಗೆ ಆಗ 75 ವರ್ಷ. ಅವರ ಬಿಳಿಗೂದಲನ್ನು ತೊಳೆಸಿ ಕೆದರಿಸಿ, ಕಪ್ಪು ವಸ್ತ್ರ ಹೊದಿಸಿ, ಮೇಲಿನ ಬೆಳಕಿಗೆ ಕೂರಿಸಿದರು. ಕತ್ತಲೆಯಿಂದ ಒಂದು ತಲೆ ಎದ್ದುಬಂದಂತಿದೆ ಆ ಚಿತ್ರ. ಕೂದಲಿನ ಅಂಚು ಹೊತ್ತಿಕೊಂಡಂತೆ ಹೊಳೆಯುತ್ತದೆ. ತೇವಗೊಂಡ ಕಣ್ಣುಗಳು ನಮ್ಮನ್ನು ದಾಟಿ ಎಲ್ಲೋ ನೋಡುತ್ತವೆ. ಅದೇ ವರ್ಷ ಕಾರ್ಲೈಲ್ ಅವರ ಮುಖವನ್ನು ಪೂರ್ತಿ ಎದುರಿನಿಂದ, ಒರಟು ಕಲ್ಲಿನಲ್ಲಿ ಅರೆಬರೆ ಕಡೆದ ಶಿಲ್ಪದಂತೆ ಹಿಡಿದರು. ಸೋದರಿಯ ಮಗಳು ಜೂಲಿಯಾ ಜಾಕ್ಸನ್‌ಳ ಚಿತ್ರವಂತೂ ಬೆಳಕಿನ ಪಾಠಕ್ಕೆ ಇಂದಿಗೂ ಮಾದರಿ: ಮುಖದ ಅರ್ಧ ಉಜ್ವಲ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ, ನಡುವೆ ಮೂಗಿನ ನೇರ ಗೆರೆ. ಆಕೆ ಮುಂದೆ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರ ತಾಯಿಯಾದಳು. ಮರುವರ್ಷ, 1868ರ ಬೇಸಗೆಯಲ್ಲಿ, ಫ್ರೆಶ್‌ವಾಟರ್‌ಗೆ ವಿಶ್ರಾಂತಿಗೆಂದು ಬಂದ ಚಾರ್ಲ್ಸ್ ಡಾರ್ವಿನ್ ಕೂಡ ಕ್ಯಾಮರಾದ ಮುಂದೆ ಕೂತರು. ತಮ್ಮ ಚಿತ್ರಗಳಲ್ಲೆಲ್ಲ ಅದೇ ಅವರಿಗೆ ಹೆಚ್ಚು ಹಿಡಿಸಿತು. ಕೊಲೋಡಿಯನ್ ಫಲಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತದೆ, ಕೆಂಪು ಕಪ್ಪಾಗಿ ಬೀಳುತ್ತದೆ. ಆದುದರಿಂದ ಮುದಿ ಚರ್ಮದ ಸುಕ್ಕು, ಕೆಂಪು ಕಲೆಗಳು ಇನ್ನಷ್ಟು ಗಾಢವಾಗುತ್ತವೆ. ಬೇರೆಯವರು ದೋಷವೆಂದು ತಿದ್ದುತ್ತಿದ್ದುದನ್ನು ಜೂಲಿಯಾ ಹಿರಿಯರ ಮುಖಗಳಲ್ಲಿ ಹಾಗೆಯೇ ಬಿಟ್ಟರು.

ಇಷ್ಟೆಲ್ಲ ಆದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. ಸಿಂಹಳದ ತೋಟಗಳಿಂದ ಆದಾಯ ಸರಿಯಾಗಿ ಬರುತ್ತಿರಲಿಲ್ಲ. ಚಿತ್ರಗಳನ್ನು ಮಾರಿ ಕುಟುಂಬವನ್ನು ಆಧರಿಸಬಹುದೆಂಬ ಆಸೆ ಜೂಲಿಯಾ ಅವರಿಗಿತ್ತು. ಹಕ್ಕುಸ್ವಾಮ್ಯಕ್ಕಾಗಿ ಐದುನೂರಕ್ಕೂ ಹೆಚ್ಚು ಚಿತ್ರಗಳನ್ನು ನೋಂದಾಯಿಸಿದರು. ಗಾಜು, ಬೆಳ್ಳಿ, ಕಾಗದದ ಖರ್ಚಿನ ಮುಂದೆ ಮಾರಾಟದ ಹಣ ಸಾಲದಾಯಿತು. ಸಾಲದ್ದಕ್ಕೆ, 1869ರ ಹೊತ್ತಿಗೆ ಅಮೂಲ್ಯ ಫಲಕಗಳ ಪೊರೆ ಜೇನುಗೂಡಿನಂತೆ ಬಿರುಕು ಬಿಡತೊಡಗಿತು. ತಮ್ಮನ್ನು ಹಳಿದಿದ್ದ ಸೊಸೈಟಿಯ ಸಭೆಗೇ ಹೋಗಿ ಪರಿಹಾರ ಕೇಳಿದರು. ಅದೇ ವರ್ಷ ಸಿಂಹಳದ ಕಾಫಿಗೆ ಎಲೆ ತುಕ್ಕು ರೋಗ ತಗುಲಿತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಈ ಪಿಡುಗಿನ ಪರಿಚಯ ಹೇಳಬೇಕಾಗಿಲ್ಲ. ಸಿಂಹಳದ ಕಾಫಿ ಉದ್ಯಮವನ್ನು ಅದು ಕೆಲವು ದಶಕಗಳಲ್ಲಿ ಇಲ್ಲವಾಗಿಸಿತು.

1873ರಲ್ಲಿ, ಕ್ಯಾಮರಾ ಕೊಡಿಸಿದ್ದ ಮಗಳು ಜೂಲಿಯಾ ನಾರ್ಮನ್ ಹೆರಿಗೆಯಲ್ಲಿ ತೀರಿಕೊಂಡಳು. ಮರುವರ್ಷ ತಾಯಿ ತಮ್ಮ ಗಾಜಿನ ಮನೆಯ ದಿನಗಳನ್ನು ಕುರಿತ ಆತ್ಮಕಥನವನ್ನು ಬರೆಯಲು ತೊಡಗಿದರು. ಮಗಳ ಉಡುಗೊರೆಯ ದಿನದಿಂದ ಆರಂಭವಾಗುವ ಆ ಬರಹ ಪೂರ್ತಿಯಾಗಲಿಲ್ಲ. ಅಚ್ಚಾದದ್ದು ಅವರ ಮರಣಾನಂತರ, 1889ರಲ್ಲಿ. ಟೆನಿಸನ್ ಅವರ ಆರ್ಥರ್ ರಾಜನ ಕಾವ್ಯಗಳಿಗೆ ಚಿತ್ರ ತೆಗೆಯುವ ದೊಡ್ಡ ಕೆಲಸವನ್ನೂ ಇದೇ ಅವಧಿಯಲ್ಲಿ ಮುಗಿಸಿದರು.

1875ರಲ್ಲಿ ದಂಪತಿಗಳು ಸಿಂಹಳಕ್ಕೆ ಹೊರಟರು. ಅಲ್ಲಿ ಶವಪೆಟ್ಟಿಗೆ ಸಿಗುವುದೋ ಇಲ್ಲವೋ ಎಂದು ಎರಡು ಶವಪೆಟ್ಟಿಗೆಗಳಲ್ಲಿ ಪಿಂಗಾಣಿ ಪಾತ್ರೆಗಳನ್ನು ತುಂಬಿಕೊಂಡು ಹಡಗು ಹತ್ತಿದರೆಂಬುದು ಮನೆತನದಲ್ಲಿ ಉಳಿದುಬಂದ ಕಥೆ. ಸಿಂಹಳದ ಸೆಕೆಯಲ್ಲಿ ಕೊಲೋಡಿಯನ್ ಕೆಲಸ ಸುಲಭವಾಗಿರಲಿಲ್ಲ, ಕೊಂಡುಕೊಳ್ಳುವವರೂ ಇರಲಿಲ್ಲ. ಅಲ್ಲಿ ತೆಗೆದ ಕೆಲವೇ ಚಿತ್ರಗಳು ಉಳಿದಿವೆ. ತೋಟದ ತಮಿಳು ಕೂಲಿಯವರು, 1877ರಲ್ಲಿ ಭೇಟಿಕೊಟ್ಟ ಸಸ್ಯಚಿತ್ರಕಾರ್ತಿ ಮೇರಿಯಾನ್ ನಾರ್ತ್ ಮೊದಲಾದವರು ಅವುಗಳಲ್ಲಿದ್ದಾರೆ. ಫ್ರೆಶ್‌ವಾಟರ್‌ನಲ್ಲಿ ಮಹಾಕವಿಗೆ ಕೊಟ್ಟ ಗಾಂಭೀರ್ಯವನ್ನೇ ಆ ಕೂಲಿಯವರ ಮುಖಗಳಿಗೂ ಅವರು ಕೊಟ್ಟಿದ್ದಾರೆ. ಕೂತವರ ಹೆಸರುಗಳನ್ನು ಮಾತ್ರ ಬರೆದಿಡಲಿಲ್ಲ.

1879ರ ಜನವರಿ 26ರಂದು ಜೂಲಿಯಾ ಸಿಂಹಳದಲ್ಲಿ ನಿಧನರಾದರು. ಮರುವರ್ಷ ಪತಿಯೂ ತೀರಿಕೊಂಡರು. ಶ್ರೀಲಂಕಾದ ಗುಡ್ಡಗಾಡಿನ ಬೋಗವಂತಲಾವದಲ್ಲಿ, ಕಾಫಿ ಹೋಗಿ ಚಹಾ ಬಂದ ತೋಟಗಳ ನಡುವಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಯೂ ಇದೆ. ಫ್ರೆಶ್‌ವಾಟರ್‌ನ ಡಿಂಬೋಲಾ ಮನೆ ಮುಂದೆ ಸಂಗ್ರಹಾಲಯವಾಯಿತು.